ಹಾಲೊಗ್ರಾಂನಿಂದ ನಾಯ್ಸ್ ತೆಗೆಯುವ ಮುನ್ನ ಅದು ಎಲ್ಲಿಂದ ಬಂತೆಂದು ನೋಡಿ

ಎರಡು ಬೆಳಕುಗಳು ಕೂಡಿ ಮೂಡುವ ಗೆರೆಗಳ ಚಿತ್ರವನ್ನು, ಅಂದರೆ ಹಾಲೊಗ್ರಾಂ ಅನ್ನು, ಸೆನ್ಸರಿನಲ್ಲಿ ದಾಖಲಿಸಿ ಕಂಪ್ಯೂಟರಿನಲ್ಲಿ ವಸ್ತುವಿನ ಬಿಂಬ ಕಟ್ಟುವುದೇ ಡಿಜಿಟಲ್ ಹಾಲೊಗ್ರಫಿ. ಕೊಡಗಿನಲ್ಲಿ ಅದನ್ನು ಮಾಡಿದರೆ ಜನವರಿಯ ಚಿತ್ರವೇ ಬೇರೆ, ಜುಲೈ ಚಿತ್ರವೇ ಬೇರೆ. ಲೇಸರ್ ಅದೇ, ಸೆನ್ಸರ್ ಅದೇ, ಪ್ರೋಗ್ರಾಂ ಕೂಡ ಅದೇ. ಆದರೂ ಕಕ್ಕಡ ತಿಂಗಳ ಮಳೆಯಲ್ಲಿ ತೆಗೆದ ಚಿತ್ರದ ತುಂಬ ಉಂಗುರಗಳು, ಅಡ್ಡಪಟ್ಟಿಗಳು, ಮರಳು ಚೆಲ್ಲಿದಂಥ ಚುಕ್ಕಿಗಳು. ಈ ಬೇಡದ ಗುರುತುಗಳೇ ನಾಯ್ಸ್. ಇದನ್ನು ಕಂಡ ಕೂಡಲೇ ಹೆಚ್ಚಿನವರ ಕೈ ಹೋಗುವುದು ಮೀಡಿಯನ್ ಫಿಲ್ಟರ್ (ಪ್ರತಿ ಪಿಕ್ಸೆಲಿಗೂ ಸುತ್ತಲಿನ ಪಿಕ್ಸೆಲುಗಳ ನಡುವಿನ ಬೆಲೆ ಕೊಡುವ ಉಪಾಯ) ಕಡೆಗೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಉಂಗುರ ಬಂದದ್ದು ಧೂಳಿನಿಂದಲೋ ಬೂಷ್ಟಿನಿಂದಲೋ. ಪಟ್ಟಿ ಬಂದದ್ದು ಕರೆಂಟಿನಿಂದ ಅಥವಾ ಸೆನ್ಸರಿನ ಮೇಲಿನ ಗಾಜಿನಿಂದ. ಚುಕ್ಕಿ ಬಂದದ್ದು ಲೇಸರಿನ ಗುಣದಿಂದಲೇ. ಒಂದೊಂದನ್ನೂ ತೆಗೆಯಬೇಕಾದ ಜಾಗ ಬೇರೆ ಬೇರೆ. ಕೊನೆಯ ಚಿತ್ರದ ಮೇಲೆ ಹಾಕುವ ಫಿಲ್ಟರ್ ಇವೆಲ್ಲದರಲ್ಲಿ ತೀರಾ ದುರ್ಬಲವಾದ ಉಪಾಯ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಕಾಫಿಯ ಎಲೆ ತುಕ್ಕು ರೋಗದ ಬೀಜಾಣು. ಮಳೆಗಾಲ ಮುಗಿಯುವ ಹೊತ್ತಿಗೆ ಅರೇಬಿಕಾ ಎಲೆಯ ಅಡಿಭಾಗದಲ್ಲಿ ಕಾಣುವ ಕಿತ್ತಳೆ ಬಣ್ಣದ ಪುಡಿಯೇ ಅದು. ಒಂದೊಂದೂ ಸುಮಾರು 30 ಮೈಕ್ರಾನ್ ಉದ್ದ. ಉಬ್ಬಿದ ಬದಿಯ ಮೇಲೆ ಸಣ್ಣ ಸಣ್ಣ ಮುಳ್ಳುಗಳಿವೆ, ಇನ್ನೊಂದು ಬದಿ ನುಣುಪು. ಆ ಮುಳ್ಳೇ ನಮ್ಮ ಪರೀಕ್ಷೆ. ನಾಯ್ಸ್ ಹೋಗಿ ಮುಳ್ಳು ಉಳಿದರೆ ಫಿಲ್ಟರ್ ಸರಿಯಾಗಿದೆ. ಮುಳ್ಳೂ ಅಳಿಸಿಹೋದರೆ ಚಿತ್ರ ಎಷ್ಟು ಚಂದವಿದ್ದರೂ ಕೆಲಸಕ್ಕೆ ಬಾರದು.

ಮೊದಲು ಸೆನ್ಸರಿನಲ್ಲಿ ದಾಖಲಾಗುವುದು ಏನು ಎನ್ನುವುದು ಸ್ಪಷ್ಟವಿರಲಿ. ವಸ್ತುವಿನಿಂದ ಬಂದ ಬೆಳಕೂ ವಸ್ತುವನ್ನು ಮುಟ್ಟದೆ ಬಂದ ರೆಫರೆನ್ಸ್ ಬೆಳಕೂ ಕೂಡಿದಾಗ ಸೆನ್ಸರ್ ಅಳೆಯುವುದು ತೀವ್ರತೆಯನ್ನು ಮಾತ್ರ. ಆ ತೀವ್ರತೆಯಲ್ಲಿ ನಾಲ್ಕು ಭಾಗಗಳಿರುತ್ತವೆ: ರೆಫರೆನ್ಸಿನದೇ ತೀವ್ರತೆ, ವಸ್ತುವಿನದೇ ತೀವ್ರತೆ, ನಮಗೆ ಬೇಕಾದ ಬಿಂಬ, ಅದರ ಅವಳಿ ಬಿಂಬ (ಫೋಕಸ್ ತಪ್ಪಿದ ನಕಲು). ಮೊದಲ ಎರಡು ಸೇರಿ ಶೂನ್ಯ ಕ್ರಮ ಎನಿಸುತ್ತವೆ. ಅಂದರೆ ಧೂಳು, ಕಂಪನ ಯಾವುದೂ ಇಲ್ಲದ ಆದರ್ಶ ಹಾಲೊಗ್ರಾಂನಲ್ಲೂ ನಾಲ್ಕರಲ್ಲಿ ಮೂರು ಭಾಗ ನಮಗೆ ಬೇಡವಾದದ್ದೇ. ಡೆನಿಸ್ ಗೇಬರ್ 1948ರಲ್ಲಿ ತೋರಿಸಿದ ಇನ್‌ಲೈನ್ ವಿಧಾನವನ್ನು, ಅಂದರೆ ಎರಡು ಬೆಳಕೂ ಒಂದೇ ನೇರದಲ್ಲಿ ಬರುವ ಜೋಡಣೆಯನ್ನು, ಅವಳಿ ಬಿಂಬ ಆಗಿನಿಂದಲೇ ಕಾಡುತ್ತಿದೆ. ಲೀತ್ ಮತ್ತು ಉಪಾಟ್ನೀಕ್ಸ್ 1962ರಲ್ಲಿ ರೆಫರೆನ್ಸ್ ಕಿರಣವನ್ನು ಓರೆ ಮಾಡಿ ಈ ಭಾಗಗಳನ್ನು ಬೇರ್ಪಡಿಸಿದರು. ಷ್ನಾರ್ಸ್ ಮತ್ತು ಯೂಪ್ಟ್ನರ್ 1994ರಲ್ಲಿ ಸಿಸಿಡಿ ಎಂಬ ಕ್ಯಾಮೆರಾ ಸೆನ್ಸರಿನ ಮೇಲೆ ನೇರವಾಗಿ ಹಾಲೊಗ್ರಾಂ ದಾಖಲಿಸಿ ಕಂಪ್ಯೂಟರಿನಲ್ಲಿ ಬಿಂಬ ಕಟ್ಟಿದರು. ನಾವು ಮಾಡುವುದೂ ಅದನ್ನೇ.

ಬೆಳಕಿನ ಮೂಲದಲ್ಲೇ ತೀರಬೇಕಾದದ್ದು

ಲೆನ್ಸ್ ಇಲ್ಲದ ಇನ್‌ಲೈನ್ ಜೋಡಣೆಯಾದರೆ ಲೇಸರ್ ಬಿಟ್ಟು ಹಸಿರು ಎಲ್‌ಇಡಿ ಬಳಸಿ. ಲೇಸರಿನ ಕೊಹೆರೆನ್ಸ್ ಉದ್ದ, ಅಂದರೆ ಎರಡು ಕಿರಣಗಳ ದಾರಿಯಲ್ಲಿ ಎಷ್ಟು ವ್ಯತ್ಯಾಸವಿದ್ದರೂ ಗೆರೆ ಮೂಡಬಲ್ಲದೋ ಆ ಮಿತಿ, ಜಾಸ್ತಿ. ಹಾಗಾಗಿ ಅದು ಸ್ಲೈಡಿನ ಎರಡು ಮೈ, ಸೆನ್ಸರಿನ ಮುಚ್ಚುಗಾಜಿನ ಎರಡು ಮೈ, ಎಲ್ಲದರ ನಡುವೆಯೂ ವ್ಯತಿಕರಣ ಗೆರೆ ಹುಟ್ಟಿಸುತ್ತದೆ. 525 ನ್ಯಾನೊಮೀಟರಿನ, 30 ನ್ಯಾನೊಮೀಟರ್ ಪಟ್ಟಿ ಅಗಲದ (ತರಂಗಾಂತರಗಳ ಹರವಿನ) ಎಲ್‌ಇಡಿಗೆ ಕೊಹೆರೆನ್ಸ್ ಉದ್ದ ಸುಮಾರು 9 ಮೈಕ್ರಾನ್. ತರಂಗಾಂತರದ ವರ್ಗವನ್ನು ಪಟ್ಟಿ ಅಗಲದಿಂದ ಭಾಗಿಸಿದರೆ ಬರುವ ಲೆಕ್ಕ ಇದು. ಅರ್ಧ ಮಿಲಿಮೀಟರ್ ದಪ್ಪದ ಗಾಜಿನ ಎರಡು ಮೈಗಳ ನಡುವೆ ಅಷ್ಟು ಚಿಕ್ಕ ಉದ್ದದಲ್ಲಿ ಗೆರೆ ಹುಟ್ಟಲಾರದು.

ಇದಕ್ಕೆ ತೆರಬೇಕಾದ ಬೆಲೆ ರೆಸಲ್ಯೂಶನ್. ಸ್ಯಾಂಪಲ್ ಸೆನ್ಸರಿನಿಂದ ದೂರ ಹೋದಷ್ಟೂ ಓರೆ ಕಿರಣಗಳು ಈ 9 ಮೈಕ್ರಾನಿನ ಮಿತಿ ದಾಟಿ ಕೆಲಸಕ್ಕೆ ಬಾರದಂತಾಗುತ್ತವೆ. 1 ಮಿಲಿಮೀಟರ್ ಅಂತರದಲ್ಲಿ ಸುಮಾರು 2 ಮೈಕ್ರಾನ್‌ವರೆಗಿನ ವಿವರ ಸಿಗುತ್ತದೆ, 5 ಮಿಲಿಮೀಟರ್‌ನಲ್ಲಿ 4.3 ಮೈಕ್ರಾನ್ ಮಾತ್ರ. ಆದ್ದರಿಂದ ಸ್ಲೈಡನ್ನು ಮಗುಚಿ, ಕವರ್ ಸ್ಲಿಪ್ ಇರುವ ಬದಿಯನ್ನು ಸೆನ್ಸರ್ ಕಡೆಗಿಡಿ. ಇಲ್ಲದಿದ್ದರೆ ಸ್ಲೈಡಿನ ದಪ್ಪವೇ ಒಂದು ಮಿಲಿಮೀಟರ್ ತಿಂದುಹಾಕುತ್ತದೆ. ಎಲ್‌ಇಡಿಯ ಮುಂದೆ 50 ಮೈಕ್ರಾನಿನ ಪಿನ್‌ಹೋಲ್ (ಸೂಜಿರಂಧ್ರ), ಅಲ್ಲಿಂದ ಸ್ಯಾಂಪಲ್‌ಗೆ 60 ಮಿಲಿಮೀಟರ್ ಇಟ್ಟರೆ, 1 ಮಿಲಿಮೀಟರ್ ಅಂತರದಲ್ಲಿ ಪಿನ್‌ಹೋಲಿನಿಂದ ಆಗುವ ಮಸುಕು 0.8 ಮೈಕ್ರಾನ್. ಅಷ್ಟು ಸಾಕು.

ಕರೆಂಟಿನ ವಿಷಯ. ಮಳೆಗಾಲದಲ್ಲಿ ದಿನವೆಲ್ಲ ಇನ್ವರ್ಟರ್, ಇಲ್ಲವೇ ಜನರೇಟರ್. ಸಾಮಾನ್ಯ ಅಡಾಪ್ಟರಿನಿಂದ ನಡೆಯುವ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗಬಹುದು. ರೋಲಿಂಗ್ ಷಟರ್ ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಅಡ್ಡಪಟ್ಟಿಯಾಗಿ ಬೀಳುತ್ತದೆ. ಒಂದು ಫ್ರೇಮ್ ಓದಲು ಸೆಕೆಂಡಿನ 30ನೇ ಒಂದು ಭಾಗ ಬೇಕಾದರೆ ಚಿತ್ರದಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಪಟ್ಟಿಗಳು. ಪಟ್ಟಿಗಳನ್ನು ಎಣಿಸಿದರೆ ಕಾರಣ ತಾನೇ ಗೊತ್ತಾಗುತ್ತದೆ. ಚಿತ್ರದ ಗೆರೆಗಳನ್ನು ಅವುಗಳ ದಟ್ಟಣೆ ಮತ್ತು ದಿಕ್ಕಿಗೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಫೂರಿಯರ್ ಚಿತ್ರದಲ್ಲಿ ಇವು ಲಂಬ ಅಕ್ಷದ ಮೇಲೆ ಕೇಂದ್ರಕ್ಕೆ ತೀರಾ ಹತ್ತಿರ ಕೂರುತ್ತವೆ. ಅಲ್ಲಿ ಕತ್ತರಿಸಲು ಹೋದರೆ ವಸ್ತುವಿನ ಮಾಹಿತಿಯೂ ಹೋಗುತ್ತದೆ. 12 ವೋಲ್ಟ್ ಬ್ಯಾಟರಿ ಮತ್ತು ಲೀನಿಯರ್ ಕರೆಂಟ್ ರೆಗ್ಯುಲೇಟರ್ ಹಾಕಿ, ಮುಗಿಯಿತು. ಡಯೋಡ್ ಲೇಸರಿಗೂ ಇದೇ ಮಾತು. ಕರೆಂಟ್ ಅಥವಾ ಉಷ್ಣತೆ ಏರಿಳಿದರೆ ಅದರ ತರಂಗಾಂತರ ಜಿಗಿದು ಗೆರೆಗಳೆಲ್ಲ ಒಮ್ಮೆಲೇ ಸರಿಯುತ್ತವೆ. ಹಚ್ಚಿ ಅರ್ಧ ಗಂಟೆ ಬಿಟ್ಟ ನಂತರವೇ ಚಿತ್ರ ತೆಗೆಯಿರಿ. ಅಷ್ಟರಲ್ಲಿ ಸೆನ್ಸರೂ ಬೆಚ್ಚಗಾಗಿ ಅದರ ಗಾಜಿನ ಮೇಲಿನ ಮಂಜು ಆರಿರುತ್ತದೆ.

ತೇವಕ್ಕೆ ಸಿಲಿಕಾ ಜೆಲ್ ಬಿಟ್ಟರೆ ಬೇರೆ ದಾರಿಯಿಲ್ಲ. ಸೆನ್ಸರ್, ಲೆನ್ಸ್, ಪಿನ್‌ಹೋಲ್ ಎಲ್ಲವೂ ಗಾಳಿಯಾಡದ ಡಬ್ಬಿಯಲ್ಲಿರಲಿ. ಜೆಲ್ ಬಣ್ಣ ಬದಲಿಸಿದರೆ 110ರಿಂದ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಲೆನ್ಸನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ಆಲೋಚನೆ ಮಾತ್ರ ಬೇಡ. ಹೊಗೆಯ ಜಿಡ್ಡು ಗಾಜಿನ ಮೇಲೆ ಕೂರುತ್ತದೆ. ಬೂಷ್ಟಿನ ಎಳೆಗಿಂತ ಅದನ್ನು ಒರೆಸುವುದೇ ಹೆಚ್ಚು ಕಷ್ಟ.

ಕಚ್ಚಾ ಫೈಲ್, ಹಿನ್ನೆಲೆ, ಭಾಗಾಕಾರ

ಜೆಪೆಗ್ ಬೇಡವೇ ಬೇಡ. ಅದು ಚಿತ್ರವನ್ನು 8×8 ಪಿಕ್ಸೆಲ್ ತುಂಡುಗಳಾಗಿ ಒತ್ತುತ್ತದೆ, ಸೂಕ್ಷ್ಮ ಗೆರೆಗಳು ಮೊದಲ ಬಲಿ. ಆಟೋ ಎಕ್ಸ್‌ಪೋಶರ್, ಆಟೋ ವೈಟ್ ಬ್ಯಾಲೆನ್ಸ್, ಗಾಮಾ ಎಲ್ಲವನ್ನೂ ನಿಲ್ಲಿಸಿ, ಗೇನ್ 1ಕ್ಕೆ ಇಳಿಸಿ. ಅತಿ ಪ್ರಖರ ಗೆರೆಯೂ ಗರಿಷ್ಠ ಮಟ್ಟದ ಶೇ 80 ದಾಟದಿರಲಿ. ತುದಿ ಕತ್ತರಿಸಿಹೋದ ಗೆರೆ ಫೂರಿಯರ್ ಚಿತ್ರದಲ್ಲಿ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಸುಳ್ಳು ಚುಕ್ಕಿಗಳನ್ನು ಹುಟ್ಟಿಸುತ್ತದೆ. ಹಾಗೆಂದು ತೀರಾ ಕತ್ತಲೆಯೂ ಸಲ್ಲ. ಒಂದು ಪಿಕ್ಸೆಲಿನಲ್ಲಿ 10,000 ಎಲೆಕ್ಟ್ರಾನ್ ತುಂಬಿದರೆ ಬೆಳಕಿನದೇ ಏರಿಳಿತ ಶೇ 1. ಬರೀ 100 ತುಂಬಿದರೆ ಅದು ಶೇ 10. ಈ ನಾಯ್ಸನ್ನು ಯಾವ ಕ್ಯಾಮೆರಾವೂ ತಪ್ಪಿಸಲಾರದು, ಹೆಚ್ಚು ಬೆಳಕು ಕೂಡಿಸುವುದೊಂದೇ ದಾರಿ. ಇನ್‌ಲೈನ್‌ನಲ್ಲಿ 16 ಫ್ರೇಮಿನ ಸರಾಸರಿ ತೆಗೆದರೆ ಅದು ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಇನ್ನು ಹಿನ್ನೆಲೆ. ಇಡೀ ಸರಪಳಿಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲ. ವಸ್ತುವಿಲ್ಲದ ಹಾಲೊಗ್ರಾಂ ತೆಗೆದು, ವಸ್ತುವಿನ ಹಾಲೊಗ್ರಾಂ ಅನ್ನು ಅದರಿಂದ ಭಾಗಿಸಬೇಕು. ಕಳೆಯುವುದಲ್ಲ, ಭಾಗಿಸುವುದು. ಬೆಳಕಿನ ಏರುಪೇರು, ಪಿಕ್ಸೆಲಿನ ಸಂವೇದನೆಯ ವ್ಯತ್ಯಾಸ ಇವೆಲ್ಲ ಗುಣಾಕಾರವಾಗಿ ಸೇರುವಂಥವು. ಕಳೆದರೆ ಧೂಳಿನ ಉಂಗುರದ ಅರ್ಧ ಗುರುತು ಉಳಿದೇ ಇರುತ್ತದೆ. ಭಾಗಿಸುವ ಮುನ್ನ ಎರಡರಿಂದಲೂ ಕಪ್ಪು ಮಟ್ಟವನ್ನು (ಬೆಳಕಿಲ್ಲದಾಗಲೂ ಸೆನ್ಸರ್ ಕೊಡುವ ಅಂಕಿ) ಕಳೆಯಿರಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಎರಡನೇ ಆವೃತ್ತಿಯ ಕ್ಯಾಮೆರಾದ 10 ಬಿಟ್ ಕಚ್ಚಾ ಫೈಲಿನಲ್ಲಿ ಅದು 64ರ ಆಸುಪಾಸು. ಇದನ್ನು ಮರೆತರೆ ಭಾಗಾಕಾರವೇ ತಪ್ಪುತ್ತದೆ. ಬಣ್ಣದ ಸೆನ್ಸರಾದರೆ ಇನ್ನೊಂದು ಲಾಭವೂ ಇದೆ: ಪ್ರತಿ ಪಿಕ್ಸೆಲೂ ತನ್ನದೇ ಸಂವೇದನೆಯಿಂದ ಭಾಗವಾಗುವುದರಿಂದ ಬೇಯರ್ ಫಿಲ್ಟರಿನ (ಪಿಕ್ಸೆಲುಗಳ ಮೇಲಿನ ಕೆಂಪು, ಹಸಿರು, ನೀಲಿ ಹೊದಿಕೆ) ಚೌಕುಳಿ ಜಾಲವೂ ಮಾಯವಾಗುತ್ತದೆ. ಡಿಮೊಸೈಕ್ ಮಾಡಿದ, ಅಂದರೆ ಪಕ್ಕದ ಪಿಕ್ಸೆಲುಗಳಿಂದ ಬಣ್ಣ ಅಂದಾಜಿಸಿ ತುಂಬಿದ, ಫೈಲಿನಲ್ಲಿ ಈ ಉಪಾಯ ನಡೆಯದು.

ವಸ್ತುವಿಲ್ಲದ ಸ್ಲೈಡ್ ಹಾಕಿದರೆ ಸ್ಲೈಡಿನದೇ ಗೀರು, ನೀರಿನ ಪದರ ಎಲ್ಲ ಬದಲಾಗುತ್ತದೆ. ಅದಕ್ಕಿಂತ ಒಳ್ಳೆಯದು, ಅದೇ ಸ್ಲೈಡನ್ನು ಸ್ವಲ್ಪ ಸ್ವಲ್ಪ ಸರಿಸುತ್ತ 15–20 ಹಾಲೊಗ್ರಾಂ ತೆಗೆದು, ಪಿಕ್ಸೆಲ್ ಪಿಕ್ಸೆಲಿಗೆ ಮೀಡಿಯನ್ ಹಿಡಿಯುವುದು. ಬೀಜಾಣುಗಳು ಜಾಗ ಬದಲಿಸುತ್ತ ಹೋಗುವುದರಿಂದ ಮೀಡಿಯನ್‌ನಲ್ಲಿ ಅವು ಉಳಿಯುವುದಿಲ್ಲ. ಸ್ಥಿರವಾಗಿ ನಿಂತ ಧೂಳು, ಬೂಷ್ಟು, ಗಾಜಿನ ಗೆರೆ ಮಾತ್ರ ಉಳಿಯುತ್ತವೆ. ಮೀಡಿಯನ್ ಫಿಲ್ಟರಿಗೆ ಹಾಲೊಗ್ರಫಿಯಲ್ಲಿ ಸಲ್ಲುವ ಜಾಗ ಇದ್ದರೆ ಇದೇ, ಸ್ಥಳದಲ್ಲಲ್ಲ, ಕಾಲದಲ್ಲಿ. ಸ್ಲೈಡಿನಲ್ಲಿ ಬೀಜಾಣು ದಟ್ಟವಾಗಿದ್ದರೆ ಮೀಡಿಯನ್‌ನಲ್ಲಿ ನೆರಳು ಉಳಿಯುತ್ತದೆ, ಹನಿಯನ್ನು ಇನ್ನಷ್ಟು ತಿಳಿ ಮಾಡಿ. ಬೇಸಿಗೆಯಲ್ಲಿ ಬೆಳಗಿನ ಹಿನ್ನೆಲೆ ಸಂಜೆಗೂ ನಡೆದೀತು. ಮಳೆಗಾಲದಲ್ಲಿ ಗಾಜಿನ ಮೇಲಿನ ತೇವ ನಿಮಿಷಗಳಲ್ಲಿ ಬದಲಾಗುವುದರಿಂದ ಪ್ರತಿ ಸ್ಲೈಡಿಗೂ ಹೊಸದು ಬೇಕು.

ಆಫ್-ಆಕ್ಸಿಸ್: ಎಲ್ಲಿ ಕತ್ತರಿಸಬೇಕು

ಫೇಸ್ (ಬೆಳಕಿನ ಅಲೆ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬುದು) ಬೇಕೆಂದರೆ, ಅಂದರೆ ಬೀಜಾಣುವಿನ ದಪ್ಪ ಅಳೆಯಬೇಕೆಂದರೆ, ಓರೆ ರೆಫರೆನ್ಸಿನ (ಆಫ್-ಆಕ್ಸಿಸ್) ಜೋಡಣೆ ಒಳ್ಳೆಯದು. ಇಲ್ಲಿ ಬೆಳಕು ಎರಡು ದಾರಿಯಲ್ಲಿ ಹೋಗುವುದರಿಂದ ಕಂಪನವೇ ದೊಡ್ಡ ಶತ್ರು. ಹೀಲಿಯಂ-ನಿಯಾನ್ ಲೇಸರಿನ 632.8 ನ್ಯಾನೊಮೀಟರ್ ಬೆಳಕು ನೇರವಾಗಿ ಬಡಿದು ಮರಳುವ ಕನ್ನಡಿ 0.12 ಮೈಕ್ರಾನ್ ವಿಸ್ತಾರದಲ್ಲಿ ಅಲುಗುತ್ತಿದ್ದು, ಎಕ್ಸ್‌ಪೋಶರ್ ಆ ಅಲುಗಾಟಕ್ಕಿಂತ ಉದ್ದವಿದ್ದರೆ, ಗೆರೆಗಳು ಪೂರ್ತಿ ಅಳಿಸಿಹೋಗುತ್ತವೆ. ಪಕ್ಕದ ಕಣದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಓಡುತ್ತಿದ್ದರೆ ಅದರ 1440 ಆರ್‌ಪಿಎಂ ಮೋಟಾರು ಸೆಕೆಂಡಿಗೆ 24 ಸಲ ನೆಲವನ್ನು ಅಲುಗಿಸುತ್ತದೆ, ಒಂದು ಅಲುಗಾಟಕ್ಕೆ ಸುಮಾರು 42 ಮಿಲಿಸೆಕೆಂಡ್. ಎಕ್ಸ್‌ಪೋಶರ್ 1 ಮಿಲಿಸೆಕೆಂಡಿಗೆ ಇಳಿಸಿದರೆ ಆ ಅಲುಗಾಟ ನಿಂತಂತೆಯೇ ಸೆರೆಯಾಗುತ್ತದೆ. 40 ಇಟ್ಟರೆ ಏನೂ ಉಳಿಯದು. ತಗಡಿನ ಮಾಡಿನ ಮೇಲೆ ಬೀಳುವ ಮಳೆಗೂ ಇದೇ ಮದ್ದು. ಜೊತೆಗೆ ಗಾಳಿ ಅರೆಬರೆ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ದಪ್ಪ ಚಪ್ಪಡಿ ಕಲ್ಲು ಇಟ್ಟು ಅದರ ಮೇಲೆ ಎಲ್ಲವನ್ನೂ ಜೋಡಿಸಿ. ರೆಫರೆನ್ಸಿನ ಫೇಸ್ ಬದಲಿಸುತ್ತ ನಾಲ್ಕು ಫ್ರೇಮ್ ಬೇಡುವ ಫೇಸ್-ಶಿಫ್ಟಿಂಗ್ ವಿಧಾನವನ್ನು ಇಂಥ ಕಡೆ ನಾನು ಸೂಚಿಸುವುದಿಲ್ಲ. ಫ್ರೇಮಿನಿಂದ ಫ್ರೇಮಿಗೆ ನೆಲವೇ ಫೇಸ್ ಬದಲಿಸಿಬಿಡುತ್ತದೆ.

ರೆಫರೆನ್ಸ್ ಎಷ್ಟು ಓರೆಯಿರಬೇಕು? ವಸ್ತುವಿನ ಪಟ್ಟಿ ಅಗಲದ, ಅಂದರೆ ಫೂರಿಯರ್ ಚಿತ್ರದಲ್ಲಿ ಅದರ ಮಾಹಿತಿ ಹರಡುವ ವೃತ್ತದ, ತ್ರಿಜ್ಯವನ್ನು ಒಂದು ಪಾಲು ಎಂದುಕೊಳ್ಳಿ. ಶೂನ್ಯ ಕ್ರಮ ಕೇಂದ್ರದಿಂದ ಎರಡು ಪಾಲು ಹರಡುತ್ತದೆ. ಆದ್ದರಿಂದ ನಮ್ಮ ಬಿಂಬದ ಕೇಂದ್ರ ಮೂರು ಪಾಲು ದೂರವಿರಬೇಕು. 10 ಪಟ್ಟು ಹಿಗ್ಗಿಸುವ, 0.25 ಎನ್‌ಎ (ಬೆಳಕು ಹಿಡಿಯುವ ಕೋನದ ಅಳತೆ) ಇರುವ ಆಬ್ಜೆಕ್ಟಿವ್ ಲೆನ್ಸ್, 3.45 ಮೈಕ್ರಾನ್ ಪಿಕ್ಸೆಲಿನ 2048×2048 ಸೆನ್ಸರ್ ತೆಗೆದುಕೊಳ್ಳೋಣ. ಪಟ್ಟಿ ಅಗಲದ ತ್ರಿಜ್ಯ ಮೈಕ್ರಾನಿಗೆ 0.0395 ಆವರ್ತ, ಫೂರಿಯರ್ ಚಿತ್ರದಲ್ಲಿ ಅದು 279 ಪಿಕ್ಸೆಲ್. ಅಡ್ಡಕ್ಕೆ ಮಾತ್ರ ಓರೆ ಮಾಡಿದರೆ ಮೂರು ಪಾಲೂ ಇನ್ನೊಂದು ಪಾಲೂ ಸೇರಿ 1116 ಪಿಕ್ಸೆಲ್ ಬೇಕು. ನಮ್ಮಲ್ಲಿರುವುದು 1024, ಹಿಡಿಸದು. ಕರ್ಣದ ದಿಕ್ಕಿಗೆ ಓರೆ ಮಾಡಿದರೆ ಬಿಂಬದ ಕೇಂದ್ರ ಎರಡೂ ಅಕ್ಷಗಳಲ್ಲಿ 592 ಪಿಕ್ಸೆಲಿಗೆ ಬರುತ್ತದೆ, ಅಂಚು 871ಕ್ಕೆ. ಆರಾಮವಾಗಿ ಹಿಡಿಸುತ್ತದೆ. ಕೋನ ಸುಮಾರು 4.3 ಡಿಗ್ರಿ. ಕನ್ನಡಿಯ ಎರಡೂ ಸ್ಕ್ರೂಗಳನ್ನು ತಿರುಗಿಸುತ್ತ, ಕಂಪ್ಯೂಟರಿನಲ್ಲಿ ಫೂರಿಯರ್ ಚಿತ್ರವನ್ನು ಲೈವ್ ನೋಡುತ್ತಲೇ ಇದನ್ನು ಹೊಂದಿಸಬೇಕು. ಈ ಕೆಲಸ ಸರಿಯಾದರೆ ಶೂನ್ಯ ಕ್ರಮವನ್ನೂ ಅವಳಿ ಬಿಂಬವನ್ನೂ ಕತ್ತರಿಸುವುದು ಒಂದೇ ಸಾಲಿನ ಪ್ರೋಗ್ರಾಂ. ತಪ್ಪಿದರೆ ಯಾವ ಫಿಲ್ಟರೂ ಅವನ್ನು ಬಿಡಿಸಲಾರದು.

ಕತ್ತರಿಸುವಾಗ ಮೊದಲು ಹಾಲೊಗ್ರಾಂನ ಅಂಚುಗಳನ್ನು ಶೇ 5ರಿಂದ 10ರಷ್ಟು ಮೆಲ್ಲಗೆ ಸೊನ್ನೆಗಿಳಿಸಿ. ಇಲ್ಲದಿದ್ದರೆ ಫೂರಿಯರ್ ಚಿತ್ರದ ನಡುವೆ ದೊಡ್ಡ ಶಿಲುಬೆ ಮೂಡಿ ಬಿಂಬದ ಮೇಲೂ ಹಾಯುತ್ತದೆ. ಆಮೇಲೆ 279 ಪಿಕ್ಸೆಲ್ ತ್ರಿಜ್ಯದ ವೃತ್ತದ ಒಳಗಿನದನ್ನು ಉಳಿಸಿಕೊಳ್ಳಿ. ವೃತ್ತದ ಅಂಚು ಕಡಿದಂತಿದ್ದರೆ ಬೀಜಾಣುವಿನ ಸುತ್ತ ಅಲೆಗಳು ಏಳುತ್ತವೆ, 8–10 ಪಿಕ್ಸೆಲ್ ಅಗಲದಲ್ಲಿ ಮೆದುಗೊಳಿಸಿ. ವೃತ್ತವನ್ನು ಕಿರಿದು ಮಾಡಿದಷ್ಟೂ ಚಿತ್ರ ಸ್ವಚ್ಛವಾದಂತೆ ಕಾಣುತ್ತದೆ, ಮುಳ್ಳುಗಳು ಸದ್ದಿಲ್ಲದೆ ಹೋಗುತ್ತವೆ. ಈ ಆಸೆಗೆ ಬೀಳಬೇಡಿ. ವೃತ್ತದ ಒಳಗೇ ಬೇಡದ ಸಣ್ಣ ಚುಕ್ಕಿ ಕಂಡರೆ ಹಿನ್ನೆಲೆ ಹಾಲೊಗ್ರಾಂನ ಫೂರಿಯರ್ ಚಿತ್ರ ತೆಗೆದು ನೋಡಿ. ಅಲ್ಲೂ ಅದೇ ಜಾಗದಲ್ಲಿದ್ದರೆ ಅದು ಯಾವುದೋ ಗಾಜಿನ ಪ್ರತಿಫಲನ, 3ರಿಂದ 5 ಪಿಕ್ಸೆಲ್ ತ್ರಿಜ್ಯದಲ್ಲಿ ಅಳಿಸಬಹುದು. ಅಲ್ಲಿ ಇಲ್ಲದಿದ್ದರೆ ಅದು ವಸ್ತುವಿನದೇ, ಮುಟ್ಟಬೇಡಿ.

ಉಳಿದ ಓರೆ ಮತ್ತು ಲೆನ್ಸಿನ ವಕ್ರತೆ ಹೋಗಲು ಹಿನ್ನೆಲೆಯನ್ನೂ ಹೀಗೇ ಫಿಲ್ಟರ್ ಮಾಡಿ, ಬರುವ ಕಾಂಪ್ಲೆಕ್ಸ್ ಕ್ಷೇತ್ರದಿಂದ (ಅಲೆಯ ಎತ್ತರ, ಫೇಸ್ ಎರಡನ್ನೂ ಹೊತ್ತ ಸಂಖ್ಯೆಗಳಿಂದ) ಭಾಗಿಸಿ. ಒಂದೇ ಹಿನ್ನೆಲೆಯಿಂದ ಭಾಗಿಸಿದರೆ ಅದರ ನಾಯ್ಸ್ ಕೂಡ ಸೇರಿಕೊಳ್ಳುತ್ತದೆ, 16 ಹಿನ್ನೆಲೆಗಳ ಸರಾಸರಿ ಬೇಕು. ಆದರೆ ಇಲ್ಲಿ ಕಚ್ಚಾ ಹಾಲೊಗ್ರಾಂಗಳನ್ನು ನೇರ ಕೂಡಿಸಬಾರದು. ಗೆರೆಗಳು ಸರಿಯುತ್ತಿರುವುದರಿಂದ ಅವು ಒಂದನ್ನೊಂದು ಅಳಿಸುತ್ತವೆ. ಪ್ರತಿಯೊಂದನ್ನೂ ಫಿಲ್ಟರ್ ಮಾಡಿ, ಮೊದಲನೆಯದಕ್ಕೆ ಹೋಲಿಸಿ ಒಟ್ಟಾರೆ ಫೇಸ್ ವ್ಯತ್ಯಾಸ ಸರಿಪಡಿಸಿ, ಆಮೇಲೆ ಕಾಂಪ್ಲೆಕ್ಸ್ ಸಂಖ್ಯೆಗಳ ಸರಾಸರಿ ಹಿಡಿಯಿರಿ.

ಇನ್‌ಲೈನ್‌ನ ಅವಳಿ ಬಿಂಬ

ಇನ್‌ಲೈನ್‌ನಲ್ಲಿ ಕತ್ತರಿಸುವ ದಾರಿಯಿಲ್ಲ, ಎಲ್ಲವೂ ಒಂದರ ಮೇಲೊಂದು ಕೂತಿರುತ್ತದೆ. ಲಾತಿಚೆವ್‌ಸ್ಕಾಯಾ ಮತ್ತು ಫಿಂಕ್ 2007ರಲ್ಲಿ ತೋರಿಸಿದ ಉಪಾಯ ಸರಳವಾದ ಸತ್ಯವೊಂದನ್ನು ನೆಚ್ಚಿದೆ: ವಸ್ತು ಬೆಳಕನ್ನು ಹೀರಬಹುದು, ಹುಟ್ಟಿಸಲಾರದು. ಹಿನ್ನೆಲೆಯಿಂದ ಭಾಗಿಸಿದ ಹಾಲೊಗ್ರಾಂನ ವರ್ಗಮೂಲವನ್ನು ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಆಗಿ ಹಿಡಿದು ವಸ್ತುವಿನ ತಲಕ್ಕೆ ಲೆಕ್ಕದಲ್ಲೇ ಒಯ್ಯಿರಿ. ಅಲ್ಲಿ 1ಕ್ಕಿಂತ ಹೆಚ್ಚಾದ ಆಂಪ್ಲಿಟ್ಯೂಡ್ ಎಲ್ಲೇ ಕಂಡರೂ ಅದು ಅವಳಿ ಬಿಂಬದ ಕೆಲಸ, 1ಕ್ಕೆ ಇಳಿಸಿ. ಮತ್ತೆ ಸೆನ್ಸರಿನ ತಲಕ್ಕೆ ಬಂದು, ಫೇಸ್ ಉಳಿಸಿಕೊಂಡು, ಆಂಪ್ಲಿಟ್ಯೂಡ್ ಜಾಗದಲ್ಲಿ ಅಳೆದದ್ದನ್ನೇ ಹಾಕಿ. ಹೀಗೆ 20ರಿಂದ 50 ಸುತ್ತು. ವಸ್ತು ಇರುವ ಜಾಗಕ್ಕೆ ಮುಖವಾಡ ಕೊಟ್ಟು ಹೊರಗಿನದನ್ನು 1 ಮಾಡಿದರೆ ಇನ್ನೂ ಬೇಗ ಮುಗಿಯುತ್ತದೆ. ಮುಖವಾಡ ಬಿಗಿಯಾದರೆ ಮುಳ್ಳು ಕತ್ತರಿಸುತ್ತದೆ, ಸುತ್ತಲೂ ಕೆಲವು ಪಿಕ್ಸೆಲ್ ಸಡಿಲ ಬಿಡಿ. 1 ಮಿಲಿಮೀಟರ್ ಅಂತರದಲ್ಲಿ 30 ಮೈಕ್ರಾನ್ ವಸ್ತುವಿನ ಅವಳಿ ಬಿಂಬ ಸುಮಾರು 35 ಮೈಕ್ರಾನ್ ಹರಡುತ್ತದೆ. ಬೀಜಾಣುಗಳ ನಡುವೆ 100 ಮೈಕ್ರಾನ್ ಬಿಡುವಿದ್ದರೆ ಒಂದರ ಅವಳಿ ಇನ್ನೊಂದರ ಮೇಲೆ ಬೀಳದು.

ಬೆಳಕನ್ನು ಒಂದು ತಲದಿಂದ ಇನ್ನೊಂದಕ್ಕೆ ಒಯ್ಯುವ ಈ ಲೆಕ್ಕಕ್ಕೆ ಆಂಗ್ಯುಲರ್ ಸ್ಪೆಕ್ಟ್ರಮ್ ವಿಧಾನ ಸಾಕು. ಸುತ್ತ ಸೊನ್ನೆ ತುಂಬಿದರೆ ಅಂಚಿನಲ್ಲಿ ಕೃತಕ ಗೆರೆ ಏಳುತ್ತದೆ. ಭಾಗಿಸಿದ ಹಾಲೊಗ್ರಾಂ ಅನ್ನು 1ರಿಂದ ತುಂಬಿ ಎರಡು ಪಟ್ಟು ಹಿಗ್ಗಿಸಿ.

ಕೊನೆಗೆ ಉಳಿಯುವ ಸ್ಪೆಕಲ್ ಮತ್ತು ಫೇಸ್ ನಾಯ್ಸ್

ಲೇಸರ್ ಬಳಸಿದರೆ ಸ್ಪೆಕಲ್ (ಮೊದಲು ಹೇಳಿದ ಮರಳಿನಂಥ ಚುಕ್ಕಿ) ಇದ್ದೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಸ್ಪೆಕಲ್ ಚಿತ್ರಗಳ ಸರಾಸರಿಯಲ್ಲಿ ಅದು ಸಂಖ್ಯೆಯ ವರ್ಗಮೂಲದಷ್ಟೇ ಇಳಿಯುತ್ತದೆ: 16 ಚಿತ್ರಕ್ಕೆ ಕಾಲು ಭಾಗ, 100 ಚಿತ್ರಕ್ಕೆ ಹತ್ತನೇ ಒಂದು. ಚಿತ್ರದಿಂದ ಚಿತ್ರಕ್ಕೆ ಬೆಳಕಿನ ಕೋನ ಬದಲಿಸಬೇಕು, ಅದೇ ಕೋನದಲ್ಲಿ ನೂರು ತೆಗೆದರೂ ಅದೇ ಸ್ಪೆಕಲ್. ತಂತ್ರಾಂಶದಲ್ಲೇ ತೆಗೆಯಬೇಕೆಂದರೆ, ಸ್ಪೆಕಲ್ ಗುಣಾಕಾರದ ನಾಯ್ಸ್ ಆದ್ದರಿಂದ ಮೊದಲು ತೀವ್ರತೆಯ ಲಾಗರಿದಮ್ ತೆಗೆದು, ನಾನ್-ಲೋಕಲ್ ಮೀನ್ಸ್ ಅಥವಾ ಬಿಎಂ3ಡಿ (ಚಿತ್ರದಲ್ಲಿ ಒಂದನ್ನೊಂದು ಹೋಲುವ ತುಂಡುಗಳನ್ನು ಕೂಡಿಸಿ ನಾಯ್ಸ್ ಇಳಿಸುವ ಫಿಲ್ಟರುಗಳು) ಹಾಕಿ, ಹಿಂದಕ್ಕೆ ತಿರುಗಿಸಿ. ಕಲಿತ ನ್ಯೂರಲ್ ಜಾಲಗಳು ಇನ್ನೂ ನಯವಾದ ಚಿತ್ರ ಕೊಡುತ್ತವೆ, ಆದರೆ ಇಲ್ಲದ ಮುಳ್ಳನ್ನು ಮೂಡಿಸುವ ಅಪಾಯವೂ ಅವುಗಳಲ್ಲಿದೆ. ರೋಗ ಗುರುತಿಸುವ ಕೆಲಸಕ್ಕೆ ನಾನು ಅವನ್ನು ನೆಚ್ಚುವುದಿಲ್ಲ.

ಫೇಸ್ ಚಿತ್ರದ ಮೇಲೆ ಸಾಮಾನ್ಯ ಫಿಲ್ಟರ್ ಎಂದೂ ಸಲ್ಲದು. ಫೇಸ್ ಧನ ಪೈನಿಂದ ಋಣ ಪೈಗೆ ಜಿಗಿಯುವ ಕಡೆ ಸರಾಸರಿ ಹಿಡಿದರೆ ಸೊನ್ನೆ ಬರುತ್ತದೆ, ಅದು ಪೂರ್ತಿ ಸುಳ್ಳು. ಫೇಸಿನ ಸೈನ್ ಒಂದು ಚಿತ್ರ, ಕೊಸೈನ್ ಇನ್ನೊಂದು ಚಿತ್ರ ಮಾಡಿ, ಎರಡನ್ನೂ 3×3 ಸರಾಸರಿಯಿಂದ ಮೆದುಗೊಳಿಸಿ, ಆರ್ಕ್‌ಟ್ಯಾನ್ ಮೂಲಕ ಮತ್ತೆ ಫೇಸ್ ಪಡೆಯಿರಿ. 9×9 ಒಮ್ಮೆ ಹಾಕುವುದಕ್ಕಿಂತ 3×3 ನಾಲ್ಕೈದು ಸಲ ಹಾಕುವುದು ಲೇಸು. ಸಮಯವಿದ್ದರೆ ವಿಂಡೋಡ್ ಫೂರಿಯರ್ ಫಿಲ್ಟರ್ (ಚಿತ್ರದ ಸಣ್ಣ ಸಣ್ಣ ತುಂಡುಗಳಿಗೆ ಬೇರೆ ಬೇರೆಯಾಗಿ ಹಾಕುವ ಫೂರಿಯರ್ ಫಿಲ್ಟರ್) ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅನ್‌ವ್ರ್ಯಾಪ್ ಮಾಡುವುದು, ಅಂದರೆ ಆ ಜಿಗಿತಗಳನ್ನು ತೆಗೆದು ಫೇಸನ್ನು ಒಂದೇ ಸಮ ಜೋಡಿಸುವುದು, ಇದರ ನಂತರವೇ. ಸುತ್ತಲಿನ ನಾಲ್ಕು ಪಿಕ್ಸೆಲಿನ ಫೇಸ್ ವ್ಯತ್ಯಾಸಗಳ ಮೊತ್ತ ಸೊನ್ನೆಯಾಗದ ಬಿಂದುಗಳನ್ನು ಫಿಲ್ಟರಿಗೆ ಮುಂಚೆ, ನಂತರ ಎಣಿಸಿ. ಈ ಎಣಿಕೆ ಇಳಿಯದಿದ್ದರೆ ಅನ್‌ವ್ರ್ಯಾಪ್ ಮಾಡಿ ಪ್ರಯೋಜನವಿಲ್ಲ. ನೀರಿಗೂ ಬೀಜಾಣುವಿಗೂ ವಕ್ರೀಭವನಾಂಕದ ವ್ಯತ್ಯಾಸ 0.05 ಎಂದುಕೊಂಡರೆ ಒಂದು ರೇಡಿಯನ್ ಫೇಸ್ ಸುಮಾರು 2 ಮೈಕ್ರಾನ್ ದಪ್ಪಕ್ಕೆ ಸಮ. ಖಾಲಿ ಜಾಗದಲ್ಲಿ ಫೇಸಿನ ಏರಿಳಿತ 0.05 ರೇಡಿಯನ್ ಇದ್ದರೆ ದಪ್ಪದ ಅಳತೆಯಲ್ಲಿ 0.1 ಮೈಕ್ರಾನ್ ಅನಿಶ್ಚಿತತೆ.

ಫಿಲ್ಟರ್ ಹಾಕಿದ ಮೇಲೆ ಹಳೆಯ ಚಿತ್ರದಿಂದ ಹೊಸದನ್ನು ಕಳೆದು, ಉಳಿದದ್ದನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ಬರೀ ಗಜಿಬಿಜಿ ಕಾಣಬೇಕು. ಬೀಜಾಣುವಿನ ಅಂಚೋ ಮುಳ್ಳೋ ಕಂಡರೆ ಫಿಲ್ಟರ್ ನಾಯ್ಸ್ ಜೊತೆ ಮಾಹಿತಿಯನ್ನೂ ತಿಂದಿದೆ ಎಂದರ್ಥ, ಬಲ ಇಳಿಸಿ. ಕಚ್ಚಾ ಫೈಲ್ ಮಾತ್ರ ಅಳಿಸಬೇಡಿ. 2048×2048ರ 16 ಬಿಟ್ ಫೈಲ್ 8 ಎಂಬಿ ಆಗುತ್ತದೆ, 16 ಹಾಲೊಗ್ರಾಂ ಮತ್ತು 16 ಹಿನ್ನೆಲೆ ಸೇರಿ ಒಂದು ಸ್ಲೈಡಿಗೆ 256 ಎಂಬಿಯಷ್ಟೇ. ಹಿನ್ನೆಲೆಯ ಫೈಲಿಗೆ ಹೆಸರಿಡುವಾಗ ತಾರೀಖಿನ ಜೊತೆ ಗಂಟೆ, ಎಕ್ಸ್‌ಪೋಶರ್ ಮತ್ತು ಯಾವ ಸ್ಲೈಡಿನದೆಂದೂ ಬರೆಯಿರಿ.